ಯಾವ ಸ್ಪರ್ಧೆಗೆ ಯಾವ ಬೂಮರಾಂಗ್: ಕೈಯಾರೆ ಮಾಡಿಕೊಳ್ಳುವವರಿಗೆ ಒಂದು ಹೋಲಿಕೆ

ನಮ್ಮ ಪತ್ರಿಕೆಗಳಲ್ಲಿ ಬೂಮರಾಂಗ್ ಅನ್ನುವ ಪದ ಸಿಗುವುದು ಹೆಚ್ಚಾಗಿ ರಾಜಕೀಯದ ಪುಟದಲ್ಲಿ. ಯಾರದೋ ಹೇಳಿಕೆ ಅವರಿಗೇ ತಿರುಗಿಬಿತ್ತು ಅನ್ನುವಾಗ. ಹೇಳಿಕೆ ತಾನಾಗಿ ತಿರುಗಿ ಬರಬಹುದು, ಮರದ ಬೂಮರಾಂಗ್ ಹಾಗೆ ಬರುವುದಿಲ್ಲ. ಅರ ಹಿಡಿದು ಉಜ್ಜಬೇಕು, ತುದಿಯನ್ನು ಒಂದು ಮಿಲಿಮೀಟರ್ ಬಾಗಿಸಬೇಕು, ಎಸೆದು ನೋಡಬೇಕು, ಮತ್ತೆ ಬಾಗಿಸಬೇಕು. ಹಾಗೆ ಮಾಡುತ್ತಾ ಮಾಡುತ್ತಾ ಒಂದು ಬೆಳಗ್ಗೆ ಅದು ನಿಮ್ಮ ಎದೆಮಟ್ಟಕ್ಕೆ ಬಂದು, ಮಲಗಿಕೊಂಡ ಹಾಗೆ ತೇಲಿ, ಎರಡು ಅಂಗೈ ನಡುವೆ ಸಿಕ್ಕುತ್ತದೆ. ಆಮೇಲೆ ಈ ಹುಚ್ಚು ಬಿಡುವುದಿಲ್ಲ.

ಮಾಡಲು ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಯಾವ ಹಲಗೆ ಒಳ್ಳೆಯದು, ಯಾವ ಆಕಾರ ಒಳ್ಳೆಯದು? ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಯಾವ ಸ್ಪರ್ಧೆಗೆ ಅಂತ ಮೊದಲು ಹೇಳಿ, ಹಲಗೆಯ ಮಾತು ಆಮೇಲೆ. ಮೂರು ಸೆಕೆಂಡಿನಲ್ಲಿ ಹೋಗಿ ಬರಬೇಕಾದ ಬೂಮರಾಂಗ್‌ಗೂ, ಅರ್ಧ ನಿಮಿಷ ಆಕಾಶದಲ್ಲಿ ನಿಲ್ಲಬೇಕಾದ ಬೂಮರಾಂಗ್‌ಗೂ ಹೆಸರು ಬಿಟ್ಟರೆ ಸಾಮ್ಯ ಕಮ್ಮಿ. ಒಂದಕ್ಕೆ ಸರಿ ಅನ್ನಿಸುವುದು ಇನ್ನೊಂದಕ್ಕೆ ತಪ್ಪು.

ಅದು ಯಾಕೆ ತಿರುಗುತ್ತದೆ

ಇಷ್ಟು ಗೊತ್ತಿದ್ದರೆ ಮುಂದಿನ ಆಯ್ಕೆಗಳೆಲ್ಲ ಸುಲಭ. ಬೂಮರಾಂಗನ್ನು ತಟ್ಟೆಯ ಹಾಗೆ ಅಡ್ಡಡ್ಡ ಎಸೆಯುವುದಿಲ್ಲ. ಹೆಚ್ಚುಕಮ್ಮಿ ನೆಟ್ಟಗೆ, ನಿಂತ ಚಕ್ರದ ಹಾಗೆ ಎಸೆಯುತ್ತೇವೆ. ಮೇಲಿನ ರೆಕ್ಕೆ ಹೋಗುವ ದಿಕ್ಕಿಗೇ ಸುತ್ತುತ್ತಿರುತ್ತದೆ, ಹಾಗಾಗಿ ಅದಕ್ಕೆ ತಾಗುವ ಗಾಳಿಯ ವೇಗ ಜಾಸ್ತಿ. ಕೆಳಗಿನ ರೆಕ್ಕೆ ಹಿಂದಕ್ಕೆ ಹೋಗುತ್ತಿರುತ್ತದೆ, ಅದಕ್ಕೆ ಕಮ್ಮಿ. ಅಂದರೆ ಮೇಲ್ಭಾಗವನ್ನು ಗಾಳಿ ಹೆಚ್ಚು ತಳ್ಳುತ್ತದೆ, ಕೆಳಭಾಗವನ್ನು ಕಡಿಮೆ. ಸುಮ್ನೆ ಹೋಗುವ ಹಲಗೆಯಾಗಿದ್ದರೆ ಪಕ್ಕಕ್ಕೆ ಮಗುಚಿಕೊಳ್ಳುತ್ತಿತ್ತು. ಆದರೆ ಇದು ಸುತ್ತುತ್ತಿದೆಯಲ್ಲ. ಕೈಬಿಟ್ಟು ಸೈಕಲ್ ಹೊಡೆಯುವಾಗ ಮೈಯನ್ನು ಎಡಕ್ಕೆ ವಾಲಿಸಿದರೆ ಮುಂದಿನ ಚಕ್ರ ತಾನೇ ಎಡಕ್ಕೆ ತಿರುಗುತ್ತದಲ್ವಾ, ಹಾಗೆ ಬೂಮರಾಂಗ್ ಮಗುಚುವ ಬದಲು ಎಡಕ್ಕೆ ತಿರುಗುತ್ತಾ ಹೋಗುತ್ತದೆ. ಬಲಗೈಯವರಿಗೆ ಎಡಕ್ಕೆ. ಎಡಗೈಯವರಿಗೆ ಬೂಮರಾಂಗ್ ಪೂರ್ತಿ ಕನ್ನಡಿಯ ಬಿಂಬದ ಹಾಗಿರಬೇಕು. ಅದು ಬಲಕ್ಕೆ ತಿರುಗುತ್ತದೆ.

ಇದನ್ನೆಲ್ಲ ಲೆಕ್ಕ ಹಾಕಿ ಅಚ್ಚುಕಟ್ಟಾಗಿ ತೋರಿಸಿದವರು ನೆದರ್ಲೆಂಡ್ಸಿನ ಫೆಲಿಕ್ಸ್ ಹೆಸ್. 1975ರಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಬೂಮರಾಂಗ್ ಮೇಲೆಯೇ ಡಾಕ್ಟರೇಟ್ ಪಡೆದರು.

ನಮಗೆ ಬೇಕಾದ ಮಾತು ಇದು. ಗಾಳಿ ಹೆಚ್ಚು ತಳ್ಳಿದರೆ ವೃತ್ತ ಚಿಕ್ಕದು. ತೂಕ ತುದಿಯ ಕಡೆ ಹೆಚ್ಚಿದ್ದರೆ ತಿರುಗಿಸುವುದು ಕಷ್ಟ, ವೃತ್ತ ದೊಡ್ಡದು. ಮುಂದೆ ಹೇಳುವ ಎಲ್ಲ ಆಯ್ಕೆಯೂ ಈ ಎರಡರ ನಡುವಿನ ಎಳೆದಾಟ.

ಸ್ಪರ್ಧೆ ನೋಡಿ ಆಕಾರ

ಬೂಮರಾಂಗ್ ಸ್ಪರ್ಧೆಯ ಮೈದಾನದಲ್ಲಿ ಒಂದರೊಳಗೊಂದು ವೃತ್ತಗಳಿರುತ್ತವೆ. ನಡುವೆ 2 ಮೀಟರ್ ತ್ರಿಜ್ಯದ ವೃತ್ತ, ಆಮೇಲೆ 4, 6, 8, 10. ಅದರಾಚೆಗೆ 20, 30, 40, 50 ಮೀಟರ್ ಗೆರೆಗಳು. ಹೆಚ್ಚಿನ ಸ್ಪರ್ಧೆಗಳಲ್ಲಿ ಎಸೆಯುವುದು ನಡುವಿನಿಂದಲೇ.

ಫಾಸ್ಟ್ ಕ್ಯಾಚ್ ಅನ್ನುವುದು ವೇಗದ ಆಟ. ಒಂದೇ ಬೂಮರಾಂಗ್, 5 ಸಲ ಎಸೆದು 5 ಸಲ ಹಿಡಿಯಬೇಕು, ಪ್ರತಿ ಸಲವೂ ಅದು 20 ಮೀಟರ್ ಗೆರೆ ದಾಟಬೇಕು. ಅಮೆರಿಕದ ಆಡಮ್ ರುಫ್ 1996ರಲ್ಲಿ ಐದನ್ನೂ 14.07 ಸೆಕೆಂಡಿನಲ್ಲಿ ಮುಗಿಸಿದರು. ಒಂದಕ್ಕೆ ಮೂರು ಸೆಕೆಂಡೂ ಇಲ್ಲ. ಎಂಡ್ಯೂರೆನ್ಸ್ ಇದರ ಅಣ್ಣ. ಐದು ನಿಮಿಷದಲ್ಲಿ ಎಷ್ಟು ಹಿಡಿಯುತ್ತೀರಿ ಅನ್ನುವುದು ಲೆಕ್ಕ. ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಶುಟ್ಜ್ 2005ರಲ್ಲಿ 81 ಹಿಡಿದರು. ಈ ಎರಡಕ್ಕೂ ಮೂರು ರೆಕ್ಕೆಯ ಚಿಕ್ಕ ಬೂಮರಾಂಗ್ ಬೇಕು. ಎರಡು ರೆಕ್ಕೆಯದಕ್ಕಿಂತ ಇದು ಸ್ಥಿರವಾಗಿ ಸುತ್ತುತ್ತದೆ. ಎಸೆತ ಸ್ವಲ್ಪ ಹೆಚ್ಚುಕಮ್ಮಿಯಾದರೂ ಕ್ಷಮಿಸುತ್ತದೆ. ವೇಗವಾಗಿ ಬಂದಾಗ ಕೈಗೆ ಸಿಗಲು ನಡುವೆ ಒಂದು ಗಟ್ಟಿ ಜಾಗವೂ ಇರುತ್ತದೆ. ಎಂಡ್ಯೂರೆನ್ಸ್‌ಗೆ ಮಾಡುವುದಾದರೆ ವೇಗವನ್ನು ಒಂಚೂರು ಬಿಟ್ಟುಕೊಡಿ, ಪ್ರತಿ ಸಲ ಒಂದೇ ಜಾಗಕ್ಕೆ ಬರುವುದನ್ನು ನೋಡಿಕೊಳ್ಳಿ. ನೂರನೆಯ ಸೆಕೆಂಡಿಗೆ ತೋಳು ಸೋತಿರುತ್ತದೆ. ಆಗ ಎರಡು ಹೆಜ್ಜೆ ಓಡುವುದೂ ಭಾರ.

ಆಕ್ಯುರೆಸಿಯಲ್ಲಿ ಹಿಡಿಯುವ ಹಾಗಿಲ್ಲ. ಎಸೆದು ಸುಮ್ಮನೆ ನಿಲ್ಲಬೇಕು, ಅದು ಎಲ್ಲಿ ಬೀಳುತ್ತದೋ ಅದಕ್ಕೆ ಅಂಕ. ಒಳಗಿನ ವೃತ್ತಕ್ಕೆ 10, ಹೊರಗೆ ಹೋದಂತೆ 8, 6, 4, 2. ಇಲ್ಲಿ ತೇಲುವ ಬೂಮರಾಂಗ್ ಶತ್ರು. ಕೊನೆಯಲ್ಲಿ ಒಂದು ಬೀಸು ಗಾಳಿ ಬಂದರೆ ನಾಲ್ಕು ಮೀಟರ್ ಆಚೆ ಹೋಗುತ್ತದೆ. ಬಂದು ಸೊರಗಿ ಬೀಳುವಂಥದು ಬೇಕು. ಮೂರು ರೆಕ್ಕೆಯೂ ಆಗುತ್ತದೆ, ನಾಲ್ಕು ರೆಕ್ಕೆಯೂ ಆಗುತ್ತದೆ. ನಾನು ಮೂರನ್ನೇ ಮಾಡುತ್ತೇನೆ, ಯಾಕೆಂದರೆ ನಾಲ್ಕು ರೆಕ್ಕೆಯನ್ನು ಒಂದೇ ಥರ ಉಜ್ಜಲು ನನ್ನ ಕೈಗೆ ಆಗುವುದಿಲ್ಲ.

ಆಸಿ ರೌಂಡ್ ಅಂದರೆ ಎಲ್ಲದರ ಪರೀಕ್ಷೆ. 50 ಮೀಟರ್ ಗೆರೆ ದಾಟಿದರೆ 6 ಅಂಕ, ಹಿಡಿದರೆ 4, ನಡುವಿನ ವೃತ್ತದಲ್ಲೇ ಹಿಡಿದರೆ ಇನ್ನೂ 10. ಒಂದು ಎಸೆತಕ್ಕೆ 20, ಐದು ಎಸೆತಕ್ಕೆ 100. 20 ಮೀಟರ್ ಹೋಗುವ ಬೂಮರಾಂಗನ್ನು ಜೋರಾಗಿ ಎಸೆದರೆ 50 ಹೋಗುತ್ತದೆ ಅಂದುಕೊಳ್ಳಬೇಡಿ. ಜೋರಾಗಿ ಎಸೆದರೆ ಅದು ಮೇಲೆ ಹತ್ತುತ್ತದೆ ಅಷ್ಟೇ. ವೃತ್ತದ ಅಳತೆಯನ್ನು ಬಹುಪಾಲು ಬೂಮರಾಂಗೇ ನಿರ್ಧರಿಸುತ್ತದೆ. ನಿಮ್ಮ ತೋಳಿನ ಪಾಲು ಕಮ್ಮಿ. ಹಾಗಾಗಿ ಇದಕ್ಕೆ ತೂಕವಾದ, ತುದಿಯಲ್ಲಿ ಸ್ವಲ್ಪ ಭಾರ ಇರುವ, ತೆಳು ಮೈಯ ಬೂಮರಾಂಗ್ ಬೇಕು.

ದೂರದ ಸ್ಪರ್ಧೆ ಬೇರೆಯೇ ಲೋಕ. ಶುಟ್ಜ್ ಅವರೇ 1999ರಲ್ಲಿ 238 ಮೀಟರ್ ಕಳಿಸಿ ವಾಪಸ್ ತರಿಸಿದ್ದಾರೆ. ಬರುವಾಗ 40 ಮೀಟರ್ ಅಗಲದ ಗೆರೆಯನ್ನು ದಾಟಿದರೆ ಸಾಕು. ಇದನ್ನು ಮಾಡುವುದು ನಿಧಾನವಾಗಿ ಕಲಿಯಿರಿ. ನಮ್ಮ ಊರುಗಳಲ್ಲಿ ಅಷ್ಟು ಖಾಲಿ ಮೈದಾನವೂ ಸಿಗುವುದಿಲ್ಲ, ಅಲ್ವಾ. ಗಾಜಿನಂತೆ ಗಟ್ಟಿಯಾದ ಹಲಗೆ ಅಷ್ಟು ವೇಗದಲ್ಲಿ ಯಾರಿಗಾದರೂ ತಾಗಿದರೆ ಮೂಳೆ ಮುರಿಯುತ್ತದೆ.

ಉಳಿದದ್ದು ಎಂಟಿಎ, ಅಂದರೆ ಮ್ಯಾಕ್ಸಿಮಮ್ ಟೈಮ್ ಅಲಾಫ್ಟ್. ಗಾಳಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವ ಸ್ಪರ್ಧೆ. ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ. ಒಂದು ರೆಕ್ಕೆ ಉದ್ದ, ಇನ್ನೊಂದು ಗಿಡ್ಡ, ಮೈ ತೆಳ್ಳಗೆ. ಜೋರಾಗಿ ಎಸೆದರೆ ಹೊರಗೆ ಹೋಗಿ, ಹಾಗೇ ಮೇಲೆ ಏರಿ, ತುದಿಯಲ್ಲಿ ಅಡ್ಡಕ್ಕೆ ಮಲಗಿ, ಗಿರಗಿಟ್ಟೆಯ ಹಾಗೆ ಸುತ್ತುತ್ತಾ ಇಳಿಯುತ್ತದೆ. ಬಿಸಿಗಾಳಿ ಮೇಲೇಳುವ ಜಾಗ ಸಿಕ್ಕಿದರೆ ಹದ್ದಿನ ಹಾಗೆ ಇಳಿಯುವುದನ್ನೇ ಮರೆಯುತ್ತದೆ. 1993ರಲ್ಲಿ ಅಮೆರಿಕದ ಜಾನ್ ಗೋರ್ಸ್ಕಿ ಎಸೆದದ್ದು 17 ನಿಮಿಷ 6 ಸೆಕೆಂಡ್ ಮೇಲೇ ಇತ್ತು. ಅವರು ಅದನ್ನು ಹಿಡಿದೂ ಹಿಡಿದರು.

ಮೊದಲ ಬೂಮರಾಂಗ್ ಯಾವುದು ಮಾಡಲಿ ಅಂದರೆ, ಮೂರು ರೆಕ್ಕೆಯದು. ತುದಿಯಿಂದ ತುದಿಗೆ 26 ಸೆಂಟಿಮೀಟರ್ ಆಸುಪಾಸು. ಚಿತ್ರಗಳಲ್ಲಿ ಕಾಣುವ ಮೊಣಕೈ ಆಕಾರದ್ದು ಮನಸ್ಸಿಗೆ ಹಿಡಿಸುತ್ತದೆ, ನಿಜ. ಆದರೆ ಅದು ತಪ್ಪಾದಾಗ ಎಲ್ಲಿ ತಪ್ಪಾಯಿತು ಅಂತ ಹೊಸಬರಿಗೆ ಹೊಳೆಯುವುದಿಲ್ಲ. ಅದರ ಒಂದು ರೆಕ್ಕೆಗೆ ಗಾಳಿ ಸೀಳುವ ಅಂಚು ಮೊಣಕೈಯ ಒಳಗಡೆ ಬರುತ್ತದೆ, ಇನ್ನೊಂದಕ್ಕೆ ಹೊರಗಡೆ. ಇದನ್ನು ತಿರುವುಮುರುವು ಮಾಡಿ ಇಡೀ ದಿನದ ಕೆಲಸ ಹಾಳು ಮಾಡಿಕೊಂಡವರು ಬಹಳ. ಮೂರು ರೆಕ್ಕೆಯದರಲ್ಲಿ ಈ ಗೊಂದಲವೇ ಇಲ್ಲ. ಮೂರೂ ಒಂದೇ ಥರ.

ಹಲಗೆ

ಹಳೆಯ ದಾರಿ ಅಂದರೆ ತಾನಾಗಿ ಬಾಗಿದ ಮರ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಕೊಂಬೆ, ಬೇರು ತಿರುಗುವ ಕಡೆ ಕಡಿದು ಕೆತ್ತುತ್ತಿದ್ದರು. ಮರದ ಎಳೆ ಆಕಾರದ ಜೊತೆಗೇ ಬಾಗಿರುತ್ತದೆ, ಹಾಗಾಗಿ ಮೊಣಕೈಯಲ್ಲಿ ಮುರಿಯುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ವೈರಿ ಸ್ವಾಂಪ್ ಎಂಬ ಜೌಗಿನಲ್ಲಿ ಸಿಕ್ಕ ಬೂಮರಾಂಗ್‌ಗಳಿಗೆ ಸುಮಾರು 10,000 ವರ್ಷ. ಆಸ್ಟ್ರೇಲಿಯಾದಲ್ಲಿ ಬೇಟೆಗೆ ಬಳಸುತ್ತಿದ್ದ ಭಾರದ ಕೋಲುಗಳು ತಿರುಗಿ ಬರುವಂಥವಲ್ಲ. ನಮ್ಮ ಪಕ್ಕದ ತಮಿಳುನಾಡಿನ ವಳರಿಯೂ ಹಾಗೆಯೇ, ಹೋಗಿ ಹೊಡೆಯುವ ಆಯುಧ. ಬಾಗಿದ ಮರದಲ್ಲಿ ಮಾಡುವುದು ದೊಡ್ಡ ಸಂತೋಷದ ಕೆಲಸ. ಸ್ಪರ್ಧೆಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಒಂದು ಕಳೆದುಹೋದರೆ ಅಂಥದೇ ಇನ್ನೊಂದು ಮಾಡಲು ಆಗಬೇಕು. ಒಂದು ಕೊಂಬೆಯ ಹಾಗೆ ಇನ್ನೊಂದು ಕೊಂಬೆ ಇರುವುದಿಲ್ಲ.

ಆದ್ದರಿಂದ ಪ್ಲೈವುಡ್. ಅದರಲ್ಲೂ ಬರ್ಚ್ ಪ್ಲೈವುಡ್. ಫಿನ್ಲೆಂಡಿನಲ್ಲಿ ವಿಮಾನಕ್ಕೆಂದು ಮಾಡುವ ದರ್ಜೆಯ 5 ಮಿಲಿಮೀಟರ್ ಹಲಗೆಯಲ್ಲಿ 10 ಪದರ ಇರುತ್ತದೆ, ಒಂದೊಂದೂ ಅರ್ಧ ಮಿಲಿಮೀಟರ್. ಪದರಗಳ ಎಳೆ ಒಂದಕ್ಕೊಂದು ಅಡ್ಡ ಬಿದ್ದಿರುವುದರಿಂದ ಯಾವ ಕಡೆಗೂ ಸುಲಭವಾಗಿ ಸೀಳುವುದಿಲ್ಲ. ನಮ್ಮ ಕಡೆ ಏರೋಮಾಡೆಲಿಂಗ್ ಸಾಮಾನು ಮಾರುವವರ ಹತ್ತಿರ ಬರ್ಚ್ ಪ್ಲೈ ಕೇಳಿ. ಬೀರು ಮಾಡುವ ಸಾಮಾನ್ಯ ಪ್ಲೈ ಜೊತೆ ಹೋಲಿಸಿದರೆ ಬೆಲೆ ಜಾಸ್ತಿಯೇ. ಆದರೂ ಸಾಮಾನ್ಯ ಪ್ಲೈ ಬೇಡ. ಯಾಕೆ ಅಂತ ನನ್ನದೇ ಒಂದು ಅನುಭವ ಹೇಳುತ್ತೇನೆ. ಶುರುವಿನಲ್ಲಿ ಒಂದು ಅಂಗಡಿಯಿಂದ 6 ಮಿಲಿಮೀಟರ್ ಪ್ಲೈ ತಂದೆ. ಮರೈನ್ ಅಂತ ಕೊಟ್ಟರು. ಎರಡು ಸಂಜೆ ಉಜ್ಜಿದ ಮೇಲೆ ಮೂರನೆಯ ರೆಕ್ಕೆಯ ತುದಿಯಲ್ಲಿ ಒಳಪದರ ಒಂದು ಬೆರಳಗಲ ಖಾಲಿ ಇರುವುದು ಕಂಡಿತು. ಎರಡು ಚೂರು ಸೇರುವ ಕಡೆ ಸಂದು ಬಿಟ್ಟು ಅಂಟಿಸಿದ್ದರು. ಬೀರುವಿನ ಬಾಗಿಲಿಗೆ ಅದು ದೋಷವೇ ಅಲ್ಲ. ಬೂಮರಾಂಗ್ ಮೊದಲ ಸಲ ನೆಲಕ್ಕೆ ತಾಗಿದಾಗಲೇ ಅಲ್ಲಿಂದ ಸೀಳಿತು. ಕೊಳ್ಳುವಾಗ ಹಲಗೆಯ ನಾಲ್ಕೂ ಅಂಚು ನೋಡಿ. ಅಂಚಿನಲ್ಲಿ ಒಂದು ಕಪ್ಪು ತೂತು ಕಂಡರೂ ಒಳಗೆ ಇನ್ನೂ ಇರುತ್ತವೆ.

ದಪ್ಪದ ವಿಷಯ. ಫಾಸ್ಟ್ ಕ್ಯಾಚ್, ಆಕ್ಯುರೆಸಿಗೆ 4 ಅಥವಾ 5 ಮಿಲಿಮೀಟರ್. ಎಂಟಿಎಗೆ 3. ನಾನು ಮಾಡುವ ಮೂರು ರೆಕ್ಕೆಯವು ಉಜ್ಜಿ ಮುಗಿಸಿದ ಮೇಲೆ 30ರಿಂದ 45 ಗ್ರಾಂ ತೂಗುತ್ತವೆ. ಎಂಟಿಎ 30ರ ಒಳಗೆ.

ಹೈಲಮ್ ಶೀಟ್ ಅಂತ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಕಂದು ಹಲಗೆ ಗೊತ್ತಲ್ಲ, ಕಾಗದ ಮತ್ತು ರಾಳ ಒತ್ತಿ ಮಾಡಿದ್ದು. ಅದು ಬರ್ಚ್‌ಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಆಸಿ ರೌಂಡ್‌ಗೆ, ದೂರಕ್ಕೆ ಒಳ್ಳೆಯದು. ಅದೇ ಅಳತೆಗೆ ತೂಕ ಜಾಸ್ತಿ ಸಿಗುತ್ತದೆ, ಮೈ ತೆಳ್ಳಗೆ ಇಡಬಹುದು, ಗಾಳಿಯ ತಡೆ ಕಮ್ಮಿ. ಮಳೆಗೂ ಜಗ್ಗುವುದಿಲ್ಲ. ಕಲ್ಲಿಗೆ ತಾಗಿದರೆ ಮಾತ್ರ ಚೂರು ಏಳುತ್ತದೆ. ಗ್ಲಾಸ್ ಎಪಾಕ್ಸಿ ಶೀಟ್ ಇನ್ನೂ ಭಾರ, ಇನ್ನೂ ಗಟ್ಟಿ. ತೆಳುವಾಗಿಯೂ ಬಳುಕದೇ ನಿಲ್ಲುತ್ತದೆ, ಹಾಗಾಗಿ ತೆಳ್ಳನೆಯದನ್ನು ಎಂಟಿಎಗೂ ಬಳಸುತ್ತಾರೆ. ಇವೆರಡರ ದೂಳು ಶ್ವಾಸಕ್ಕೆ ತುಂಬಾ ಕೆಟ್ಟದ್ದು. ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳಿರುವ ಮನೆಯೊಳಗೆ ಮಾಡಲೇಬೇಡಿ. ಇದರಲ್ಲಿ ರಾಜಿ ಬೇಡ.

ಪ್ಲಾಸ್ಟಿಕ್‌ನಲ್ಲಿ ಪಾಲಿಪ್ರೊಪಿಲೀನ್ ಮೆತ್ತಗಿರುತ್ತದೆ, ಕೈಗೆ ನೋವು ಕಮ್ಮಿ. ಬೆನ್ನ ಹಿಂದೆ, ಕಾಲ ಕೆಳಗೆ, ಪಾದಗಳ ನಡುವೆ ಹಿಡಿಯುವ ಟ್ರಿಕ್ ಕ್ಯಾಚ್‌ಗೆ, ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ. ಬಾಗಿಸಿದ್ದು ಬಾಗಿದ ಹಾಗೆ ನಿಲ್ಲದಿರುವುದು ಇದರ ದೋಷ. ಬಿಸಿಲಲ್ಲಿ ಕಾರಿನೊಳಗೆ ಇಟ್ಟರಂತೂ ಆಕಾರವೇ ಬೇರೆ.

ಅರ ಹಿಡಿದಾಗ

ಬರ್ಚ್ ಪ್ಲೈಯನ್ನು ನಾನು ಇಷ್ಟಪಡುವ ನಿಜವಾದ ಕಾರಣ ತೂಕವೂ ಅಲ್ಲ, ಗಟ್ಟಿತನವೂ ಅಲ್ಲ. ಅದು ಉಜ್ಜುವವರಿಗೆ ದಾರಿ ತೋರಿಸುತ್ತದೆ.

ರೆಕ್ಕೆಯ ಮೇಲ್ಭಾಗ ವಿಮಾನದ ರೆಕ್ಕೆಯ ಹಾಗಿರಬೇಕು. ಗಾಳಿ ಸೀಳುವ ಅಂಚು ಗುಂಡಗೆ, ಮೊಂಡಾಗಿ. ಹಿಂದಿನ ಅಂಚಿಗೆ ಉದ್ದನೆಯ ಇಳಿಜಾರು, ಕೊನೆಗೆ ತೆಳ್ಳಗೆ. ಕೆಳಭಾಗ ಸಪಾಟು. ಇಳಿಜಾರು ಉಜ್ಜಲು ಶುರು ಮಾಡಿದ ಕೂಡಲೇ ಪದರಗಳ ನಡುವಿನ ಅಂಟಿನ ಗೆರೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಮೊದಲು ಅಂಚಿನಲ್ಲಿ ಒಂದು ಕಂದು ಗೆರೆ, ಅದರ ಹಿಂದೆ ಇನ್ನೊಂದು. ಬೆಟ್ಟದ ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳಿರುತ್ತವಲ್ಲ, ಥೇಟ್ ಹಾಗೆ. ಗೆರೆಗಳು ಹತ್ತಿರ ಹತ್ತಿರ ಇದ್ದರೆ ಅಲ್ಲಿ ಇಳಿಜಾರು ಕಡಿದು. ದೂರ ಇದ್ದರೆ ಮೆಲ್ಲಗೆ. ಗೆರೆ ಒಂದು ಕಡೆ ಒಳಕ್ಕೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಿ ಹಳ್ಳ ಬಿದ್ದಿದೆ. ಮೂರು ರೆಕ್ಕೆಯನ್ನು ಪಕ್ಕಪಕ್ಕ ನೋಡಿ, ಗೆರೆಗಳು ಒಂದೇ ಥರ ಓಡಿದ್ದರೆ ಮೂರೂ ಒಂದೇ ಆಕಾರ. ಅಳತೆಪಟ್ಟಿ ಬೇಡ.

ಪದರ ಕಮ್ಮಿ ಇರುವ ಹಲಗೆಯಲ್ಲಿ ಈ ಗೆರೆಗಳೂ ಕಮ್ಮಿ. 10 ಪದರದ್ದಕ್ಕೂ 5 ಪದರದ್ದಕ್ಕೂ ಬೆಲೆಯಲ್ಲಿರುವ ವ್ಯತ್ಯಾಸ ಇಲ್ಲೇ ವಸೂಲಾಗುತ್ತದೆ. ಹೈಲಮ್‌ನಲ್ಲಿ ಗೆರೆ ಕಾಣುವುದೇ ಇಲ್ಲ. ಕಣ್ಣುಮುಚ್ಚಿ ಬೆರಳು ಆಡಿಸಿ, ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಮಾಡಬೇಕು. ಅದಕ್ಕೇ ಮೊದಲ ಐದಾರು ಬರ್ಚ್‌ನಲ್ಲಿ ಮಾಡಿ ಅನ್ನುವುದು.

ಯಂತ್ರವಾ, ಕೈಯಾ? ಆಕಾರ ಕತ್ತರಿಸಲು ಜಿಗ್‌ಸಾ ಆರಾಮ. ದಪ್ಪ ತೆಗೆಯಲು ಒರಟು ಅರ. ಗ್ರೈಂಡರ್‌ಗೆ ಡಿಸ್ಕ್ ಹಾಕಿ ಉಜ್ಜಿದರೆ ಎರಡು ನಿಮಿಷದ ಕೆಲಸ, ಒಪ್ಪುತ್ತೇನೆ. ಆದರೆ ಒಂದು ಸೆಕೆಂಡ್ ಹೆಚ್ಚು ಒತ್ತಿದರೆ ಎರಡು ಪದರ ಹೋಯಿತು. ಹೋದ ಮರ ವಾಪಸ್ ಬರುವುದಿಲ್ಲ. ಒಂದು ರೆಕ್ಕೆ ತೆಳ್ಳಗಾದರೆ ಉಳಿದ ಎರಡನ್ನೂ ಅದರ ಮಟ್ಟಕ್ಕೆ ತರಬೇಕಾಗುತ್ತದೆ. ನಾನು ಮೂರೂ ರೆಕ್ಕೆಗೆ ಸರದಿಯಲ್ಲಿ ಇಪ್ಪತ್ತಿಪ್ಪತ್ತು ಸಲ ಅರ ಆಡಿಸುತ್ತೇನೆ. ಒಂದನ್ನೇ ಮುಗಿಸಿ ಮುಂದಿನದಕ್ಕೆ ಹೋಗುವುದಿಲ್ಲ. ಆಮೇಲೆ 80ರ ಸ್ಯಾಂಡ್ ಪೇಪರ್, 120, 220.

ಗಾಳಿ ಸೀಳುವ ಅಂಚನ್ನು ಎಷ್ಟು ಮೊಂಡು ಇಡಬೇಕು ಅನ್ನುವುದಕ್ಕೂ ಸ್ಪರ್ಧೆಯೇ ಉತ್ತರ. ಮೊಂಡಾಗಿದ್ದಷ್ಟೂ ತಡೆ ಹೆಚ್ಚು, ಬೇಗ ವೇಗ ಕಳೆದುಕೊಳ್ಳುತ್ತದೆ. ಆಕ್ಯುರೆಸಿಗೆ ಚೆನ್ನ. ದೂರ ಹೋಗಬೇಕಾದ್ದಕ್ಕೆ ಅಂಚು ಚೂಪು, ಮೈ ಚಪ್ಪಟೆ. ಅಂಚಿನ ಕೆಳಗಡೆಯಿಂದ ಒಂಚೂರು ಕೆರೆದರೆ ರೆಕ್ಕೆ ಮೇಲ್ಮುಖವಾಗಿ ತಿರುಗಿದಂತಾಗಿ ಗಾಳಿಯ ತಳ್ಳು ಹೆಚ್ಚುತ್ತದೆ. ಇದನ್ನು ಎಸೆದು ನೋಡಿದ ಮೇಲೆ ಮಾಡಿ, ಮೊದಲೇ ಮಾಡಬೇಡಿ.

ತಿದ್ದುವುದು

ಮಾಡುವುದು ಅರ್ಧ ಕೆಲಸ. ಸ್ಪರ್ಧೆಯ ಬೂಮರಾಂಗ್ ಹುಟ್ಟುವುದು ಮೈದಾನದಲ್ಲಿ. ತಿದ್ದಲು ಮೂರು ದಾರಿ ಇವೆ. ಬಾಗಿಸುವುದು, ತೂಕ ಹಾಕುವುದು, ಗಾಳಿಗೆ ತಡೆ ಒಡ್ಡುವುದು.

ಅದಕ್ಕೂ ಮುಂಚೆ ಎಸೆತ ಸರಿಯಿದೆಯಾ ನೋಡಿ. ಬಲಗೈಯವರು ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ಅಲ್ಲಿಂದ ಸುಮಾರು 45 ಡಿಗ್ರಿ ಬಲಕ್ಕೆ ಎಸೆಯಬೇಕು. ನಿಮ್ಮ ಎಡಕ್ಕೆ ಬೀಳುತ್ತಿದ್ದರೆ ಇನ್ನೂ ಬಲಕ್ಕೆ ಎಸೆಯಿರಿ, ಬಲಕ್ಕೆ ಬೀಳುತ್ತಿದ್ದರೆ ಗಾಳಿಯ ಕಡೆಗೆ ತಿರುಗಿ. ಎಸೆತದ ತಪ್ಪನ್ನು ಬೂಮರಾಂಗ್ ಮೇಲೆ ಹಾಕಿ ಬಾಗಿಸಲು ಹೋದರೆ ಎರಡೂ ಕೆಡುತ್ತವೆ. ಹತ್ತು ಸಲ ಎಸೆದು, ಎಂಟು ಸಲ ಅದೇ ತಪ್ಪು ಕಂಡರೆ ಆಗ ಅದು ಬೂಮರಾಂಗಿನದು.

ಬಾಗಿಸುವುದು ಎರಡು ಥರ. ತುದಿಯನ್ನು ಮೇಲಕ್ಕೆ ಎತ್ತಿದರೆ ಬೇಗ ಅಡ್ಡಕ್ಕೆ ಮಲಗುತ್ತದೆ, ಎತ್ತರ ಹೋಗುತ್ತದೆ, ತೇಲುತ್ತದೆ. ತುದಿಯನ್ನು ಕೆಳಕ್ಕೆ ಬಾಗಿಸಿದರೆ ತಗ್ಗಿನಲ್ಲೇ ಹಾರುತ್ತದೆ. ಎರಡನೆಯ ಥರ, ರೆಕ್ಕೆಯನ್ನು ತಿರುಚುವುದು. ಗಾಳಿ ಸೀಳುವ ಅಂಚು ಮೇಲಕ್ಕೆ ಬರುವಂತೆ ತಿರುಚಿದರೆ ತಳ್ಳು ಹೆಚ್ಚಿ ವೃತ್ತ ಕಿರಿದಾಗುತ್ತದೆ. ಕೆಳಕ್ಕೆ ತಿರುಚಿದರೆ ದೂರ ಹೋಗುತ್ತದೆ, ಅತಿಯಾದರೆ ತಿರುಗುವುದೇ ಇಲ್ಲ. ಮರವನ್ನು ಬೆಚ್ಚಗೆ ಮಾಡಿ ಬಾಗಿಸಿ, ತಣ್ಣಗಾಗುವವರೆಗೆ ಹಾಗೇ ಹಿಡಿದುಕೊಳ್ಳಿ. ಮೈದಾನದಲ್ಲಿ ಅಂಗೈ ಬಿಸಿ, ಬಾಯಿಯ ಉಸಿರೇ ಸಾಕಾಗುತ್ತದೆ. ಬಾಗಿಸಿದ್ದು ಅರ್ಧ ಗಂಟೆಯಲ್ಲಿ ಸ್ವಲ್ಪ ಹಿಂದಕ್ಕೆ ಬರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಾಗಿಸಿ.

ತೂಕ ಹಾಕುವುದು ಇದಕ್ಕಿಂತ ನಂಬಿಗಸ್ತ ದಾರಿ. ರೆಕ್ಕೆಯ ತುದಿಯ ಕೆಳಗಡೆ ಒಂದೊಂದು ನಾಣ್ಯವನ್ನು ಟೇಪಿನಲ್ಲಿ ಅಂಟಿಸಿ ಎಸೆದು ನೋಡಿ. ವೃತ್ತ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಗಾಳಿ ಇರುವ ದಿನ ಹಗುರ ಬೂಮರಾಂಗ್ ತರಗೆಲೆಯಾಗುತ್ತದೆ, ನಾಣ್ಯ ಕಟ್ಟಿದ್ದು ತನ್ನ ದಾರಿ ಬಿಡುವುದಿಲ್ಲ. ಜಾಗ ಗೊತ್ತಾದ ಮೇಲೆ ತೂತು ಕೊರೆದು ಸೀಸ ತುಂಬಿಸುವವರಿದ್ದಾರೆ. ನಾನು ಟೇಪನ್ನೇ ಇಟ್ಟುಕೊಳ್ಳುತ್ತೇನೆ. ಬೆಳಗ್ಗೆ ಬೇಕಾದ ತೂಕ ಹನ್ನೊಂದು ಗಂಟೆಗೆ ಬೇಡವಾಗಬಹುದು.

ಮೂರನೆಯದು ತಡೆ. ಇದನ್ನು ಹೊಸಬರು ಅಲಕ್ಷ್ಯ ಮಾಡುತ್ತಾರೆ, ಆದರೆ ಆಕ್ಯುರೆಸಿಗೆ ಇದೇ ಜೀವ. ಒಂದು ಡಿಸೆಂಬರ್ ಬೆಳಗ್ಗೆ ನಾನು ಎಸೆಯುತ್ತಿದ್ದದ್ದು ಪ್ರತಿ ಸಲ ನನ್ನ ತಲೆ ಮೇಲೆ ಬಂದು, ಅಲ್ಲೇ ನಿಂತು, ಆಮೇಲೆ ಆರೇಳು ಮೀಟರ್ ಹಿಂದೆ ತೇಲಿ ಇಳಿಯುತ್ತಿತ್ತು. ಮೂರು ರೆಕ್ಕೆಗೂ ನಡುಭಾಗದಲ್ಲಿ ಒಂದೊಂದು ರಬ್ಬರ್ ಬ್ಯಾಂಡ್ ಸುತ್ತಿದೆ. ಮುಂದಿನ ಎಸೆತ ನಾಲ್ಕು ಮೀಟರ್ ಒಳಗೆ ಬಿತ್ತು. ಬ್ಯಾಂಡನ್ನು ತುದಿಯ ಕಡೆ ಎರಡು ಬೆರಳು ಸರಿಸಿದೆ. ಕಾಲ ಬುಡಕ್ಕೇ ಬಿತ್ತು. ಹಲಗೆಗೆ ಏನೂ ಮಾಡಿಲ್ಲ, ಒಂದು ಚೂರು ಮರ ಕಳೆದಿಲ್ಲ, ಬೇಡ ಅಂದರೆ ತೆಗೆದರಾಯಿತು. ತುದಿ ಹತ್ತಿರ ತೂತು ಕೊರೆಯುವುದು, ಟೇಪಿನ ಒಂದು ಕಿವಿ ಎಬ್ಬಿಸಿ ಅಂಟಿಸುವುದು ಕೂಡ ಇದೇ ಕೆಲಸ ಮಾಡುತ್ತವೆ. ತೂತು ಶಾಶ್ವತ. ಹಾಗಾಗಿ ಬ್ಯಾಂಡ್, ಆಮೇಲೆ ಟೇಪು, ಕೊನೆಗೆ ತೂತು. ಫಾಸ್ಟ್ ಕ್ಯಾಚ್‌ಗೂ ಸ್ವಲ್ಪ ತಡೆ ಬೇಕಾಗುತ್ತದೆ, ಇಲ್ಲದಿದ್ದರೆ ಬಂದ ವೇಗಕ್ಕೆ ಬೆರಳು ಊದುತ್ತದೆ. ಎಂಟಿಎಗೆ ಮಾತ್ರ ಇದು ಬೇಡವೇ ಬೇಡ. ಅದರಲ್ಲಿ ಎಲ್ಲವನ್ನೂ ತಿರುಚಿನಲ್ಲೇ ಸರಿ ಮಾಡಬೇಕು, ಅರ್ಧ ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಎಂಟಿಎಯನ್ನು ಕೊನೆಗೆ ಕಲಿಯಿರಿ ಅನ್ನುತ್ತೇನೆ.

ಯಾವ ದಾರಿಯಾದರೂ ಒಂದು ಸಲಕ್ಕೆ ಒಂದೇ ಬದಲಾವಣೆ. ಬಾಗಿಸಿ, ನಾಣ್ಯವನ್ನೂ ಅಂಟಿಸಿ ಎಸೆದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಬಣ್ಣ, ಮಳೆಗಾಲ

ಬರ್ಚ್ ಪ್ಲೈಗೆ ನೀರೇ ಶತ್ರು. ನೀರು ಒಳಗೆ ಹೋಗುವುದು ಉಜ್ಜಿದ ಇಳಿಜಾರಿನಿಂದ, ಅಂಚಿನಿಂದ. ಪಾಲಿಯುರೆಥೇನ್ ವಾರ್ನಿಷ್ ಮೂರು ಕೈ ಕೊಡಿ, ಅಂಚಿಗೆ ಇನ್ನೊಂದು. ಸ್ಪ್ರೇ ಪೇಂಟ್ ಚೆಂದ ಕಾಣುತ್ತದೆ, ಒಣಗುವುದೂ ಬೇಗ, ಆದರೆ ನೆಲಕ್ಕೆ ತಾಗಿದ ಕಡೆ ಏಳುತ್ತದೆ. ನಾನು ಮೇಲ್ಗಡೆ ಕಿತ್ತಳೆ ಬಣ್ಣ ಹೊಡೆದು ಅದರ ಮೇಲೆ ವಾರ್ನಿಷ್ ಕೊಡುತ್ತೇನೆ. ಹುಲ್ಲಿನಲ್ಲಿ ಬಿದ್ದರೆ ಹುಡುಕಲು ಸುಲಭ. ಎಂಟಿಎಗೆ ಬಣ್ಣದ ತೂಕವೂ ಹೆಚ್ಚೇ, ಅದಕ್ಕೆ ತೆಳ್ಳಗೆ ಎರಡು ಕೈ ವಾರ್ನಿಷ್ ಮಾತ್ರ.

ಎಷ್ಟು ವಾರ್ನಿಷ್ ಕೊಟ್ಟರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಥಂಡಿಗೆ ಮರ ಸೊಟ್ಟಗಾಗುತ್ತದೆ. ಚೆನ್ನಾಗಿ ಹಾರುವ ಬೂಮರಾಂಗ್ ಕೈಗೆ ಸಿಕ್ಕ ದಿನವೇ ಅದನ್ನು ಒಂದು ಗಾಜಿನ ಮೇಲೆ ಇಡಿ. ಪ್ರತಿ ತುದಿಯ ಕೆಳಗೆ ಎಷ್ಟು ಸಂದು ಇದೆ, ಮುಂದಿನ ಅಂಚಿನಲ್ಲಿ ಎಷ್ಟು, ಹಿಂದಿನ ಅಂಚಿನಲ್ಲಿ ಎಷ್ಟು, ಅಳೆದು ಅದರ ಹೊಟ್ಟೆಯ ಮೇಲೇ ಪೆನ್ಸಿಲಿನಲ್ಲಿ ಬರೆದಿಡಿ. ತೂಕವನ್ನೂ ಬರೆಯಿರಿ. ನನ್ನ ಒಂದು ಹಳೆಯ ಮೂರು ರೆಕ್ಕೆಯದರ ಮೇಲೆ 3, 3, 3 ಅಂತ ಇದೆ. ಕಳೆದ ಮಳೆಗಾಲ ಮುಗಿದ ಮೇಲೆ ಗಾಜಿನ ಮೇಲಿಟ್ಟರೆ 3, 5, 2 ಆಗಿತ್ತು. ಇಸ್ತ್ರಿಪೆಟ್ಟಿಗೆಯ ಬಿಸಿ ತೋರಿಸಿ ಎರಡನೆಯದನ್ನು ಇಳಿಸಿ, ಮೂರನೆಯದನ್ನು ಎತ್ತಿ, ಗಾಜಿನ ಮೇಲೆ ಮತ್ತೆ ಇಟ್ಟು ನೋಡಿ, ಮೂರೂ 3 ಆದ ಮೇಲೆ ಮೈದಾನಕ್ಕೆ ತೆಗೆದುಕೊಂಡು ಹೋದೆ. ಎರಡನೆಯ ಎಸೆತಕ್ಕೇ ಕೈಗೆ ಬಂತು.